ಗಣಕದ ಕಿರುಪೆಟ್ಟಿಗೆಯೂ ನೀರಿನ ತಂಪೂ

‘ಶೀತಲೀಕರಣ’ ಎಂಬ ಶಬ್ದವು ಗಣಕಯಂತ್ರಗಳ ಪ್ರಸ್ತಾಪ ಬಂದಾಗಲೆಲ್ಲ ಈಚೆಗೆ ಕಿವಿಗೆ ಬೀಳುತ್ತಿದೆ. ವ್ಯಾಕರಣದ ದೃಷ್ಟಿಯಿಂದ ಇದು ನಿರ್ದುಷ್ಟವಾದ ಪದವೇ ಸರಿ. ಮೊದಲು ಹಾಗಿಲ್ಲದ ವಸ್ತು ಹಾಗಾಗುವುದನ್ನು ಅಭೂತತದ್ಭಾವವೆಂದು ಸಂಸ್ಕೃತ ವೈಯಾಕರಣರು ಕರೆದು, ಆ ಅರ್ಥದಲ್ಲಿ ಚ್ವಿ ಪ್ರತ್ಯಯವನ್ನು ವಿಧಿಸಿದ್ದಾರೆ. ಶೀತಲವಲ್ಲದುದನ್ನು ಶೀತಲವನ್ನಾಗಿ ಮಾಡುವುದೇ ಶೀತಲೀಕರಣ. ಆದರೆ ಪದವು ಶುದ್ಧವಾಗಿದ್ದ ಮಾತ್ರಕ್ಕೆ ಅದು ಹೇಳುವ ಸಂಗತಿಯೂ ಹಾಗೆಯೇ ಇರಬೇಕೆಂಬ ನಿಯಮವೇನಿಲ್ಲ. ಗಣಕದ ಪೆಟ್ಟಿಗೆಯೊಳಗೆ ಹುಟ್ಟಿದ ಕಾವು ಅಲ್ಲಿಯೇ ಇಲ್ಲದಂತಾಗುವುದಿಲ್ಲ. ಒಂದೆಡೆಯಿಂದ ಮತ್ತೊಂದೆಡೆಗೆ ಸಾಗುತ್ತದೆ, ಅಷ್ಟೆ. ಆದ್ದರಿಂದ ಇದನ್ನು ತಾಪವಹನವೆಂದು ಕರೆಯುವುದು ಹೆಚ್ಚು ಯುಕ್ತವಾಗಿತ್ತು. ಈ ಸಣ್ಣ ಶಬ್ದವಿಚಾರವನ್ನು ಮೊದಲಿಗೇ ಎತ್ತಿದುದಕ್ಕೆ ಕಾರಣವುಂಟು. ಚಿಕ್ಕ ಪೆಟ್ಟಿಗೆಯೊಂದನ್ನು ಕೊಂಡು, ಅದರ ತಗಡನ್ನು ಕೊರೆದು, ಒಳಗೆ ನೀರಿನ ಕೊಳವೆಗಳನ್ನು ಹಾಯಿಸಲು ಹೊರಡುವ ತರುಣರು ಕೆಡುವುದು ಕೈಚಳಕದ ಕೊರತೆಯಿಂದ ಸ್ವಲ್ಪ. ನೀರೇ ತಂಪು ಮಾಡುತ್ತದೆಂಬ ನಂಬಿಕೆಯಿಂದ ಬಹಳ.

ವಿದ್ಯುತ್ತಿನಿಂದ ನಡೆಯುವ ಯಂತ್ರಗಳಲ್ಲಿ ಗಣಕವು ಒಂದು ವಿಚಿತ್ರ ಜಾತಿ. ಪಂಪು ನೀರನ್ನೆತ್ತುತ್ತದೆ, ಗಿರಣಿ ಹಿಟ್ಟನ್ನು ಬೀಸುತ್ತದೆ. ಗಣಕವಾದರೋ ಲೆಕ್ಕ ಮಾಡುತ್ತದೆ, ಮತ್ತು ಅದಕ್ಕಾಗಿ ತೆಗೆದುಕೊಂಡ ವಿದ್ಯುತ್ತನ್ನೆಲ್ಲ ಕಡೆಗೆ ಕಾವಿನ ರೂಪದಲ್ಲಿ ಹಿಂದಿರುಗಿಸುತ್ತದೆ. 1993ರಲ್ಲಿ ಬಂದ ಮೊದಲ ಪೆಂಟಿಯಂ ಪ್ರೊಸೆಸರು ಹೊರಬಿಡುತ್ತಿದ್ದುದು ಸುಮಾರು 15 ವಾಟು. 2004ರ ಹೊತ್ತಿಗೆ ಪೆಂಟಿಯಂ 4ರ ಪೀಳಿಗೆಯಲ್ಲಿ ಅದು 100 ವಾಟುಗಳನ್ನು ದಾಟಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಇಂಟೆಲ್ ಸಂಸ್ಥೆಯು ತಾನು ಸಿದ್ಧಪಡಿಸುತ್ತಿದ್ದ ಇನ್ನೊಂದು ಪ್ರೊಸೆಸರನ್ನು ಕೈಬಿಟ್ಟಿತು. ತಡೆಯಲಾರದ ಕಾವೇ ಅದಕ್ಕೆ ಮುಖ್ಯ ಕಾರಣವೆಂದು ಆಗ ಎಲ್ಲರೂ ಗ್ರಹಿಸಿದರು. ಆ ಕೂಸಿಗೆ ಹುಟ್ಟುವ ಮೊದಲೇ ಇಟ್ಟಿದ್ದ ಹೆಸರು ‘ತೇಜಸ್’. ಹೆಸರಿಟ್ಟವರಿಗೆ ಸಂಸ್ಕೃತ ತಿಳಿದಿದ್ದರೆ ಆ ಹೆಸರಿನಲ್ಲಿ ಬೆಂಕಿಯೂ ಅಡಗಿದೆಯೆಂಬುದು ಮುಂಚೆಯೇ ಹೊಳೆಯಬೇಕಾಗಿತ್ತು. ಅಲ್ಲಿಂದ ಮುಂದೆ ಕೆಲವು ಕಾಲ ಈ ಓಟ ತಗ್ಗಿತಾದರೂ ನಿಲ್ಲಲಿಲ್ಲ. 2022ರಲ್ಲಿ ಅದೇ ಸಂಸ್ಥೆ ಹೊರತಂದ ಐ9-13900ಕೆ ಎಂಬ ಪ್ರೊಸೆಸರಿಗೆ ತಯಾರಕರೇ ನಮೂದಿಸಿದ ಗರಿಷ್ಠ ಪ್ರಮಾಣ 253 ವಾಟು. ಅದರೊಳಗಿನ ಸಿಲಿಕಾನ್ ಬಿಲ್ಲೆಯ ವಿಸ್ತಾರವೋ ಸುಮಾರು ಎರಡೂವರೆ ಚದರ ಸೆಂಟಿಮೀಟರು. ಎಂದರೆ ಒಂದು ಚದರ ಸೆಂಟಿಮೀಟರಿಗೆ ನೂರು ವಾಟಿನ ಸಮೀಪ. ಅಡಿಗೆಮನೆಯ ವಿದ್ಯುತ್ ಒಲೆಯ ತಟ್ಟೆ, 18 ಸೆಂಟಿಮೀಟರು ಅಡ್ಡಳತೆಯದು, 1500 ವಾಟಿನಲ್ಲಿ ಉರಿದರೂ ಚದರ ಸೆಂಟಿಮೀಟರಿಗೆ ಆರು ವಾಟನ್ನು ಮುಟ್ಟುವುದಿಲ್ಲ. ಅನ್ನ ಬೇಯಿಸುವ ತಟ್ಟೆಗಿಂತ ಲೆಕ್ಕ ಮಾಡುವ ಬಿಲ್ಲೆಯ ಮೇಲೆ ಹೊರೆ ಇಷ್ಟು ಪಟ್ಟು ಅಧಿಕವೆಂದು ಎಣಿಸಿಕೊಂಡರೆ ವಿಷಯದ ಗಾಂಭೀರ್ಯ ಮನವರಿಕೆಯಾದೀತು.

ಇಷ್ಟು ಕಾವು ಹುಟ್ಟುವ ವಸ್ತುವನ್ನು ವಿಶಾಲವಾದ ಪೆಟ್ಟಿಗೆಯಲ್ಲಿಡುವುದು ಸಹಜ. ಆದರೆ ಲೋಕದ ರುಚಿ ಬೇರೆ ದಿಕ್ಕಿಗೆ ತಿರುಗಿದೆ. 2001ರಲ್ಲಿ ತೈವಾನಿನ ವಿಯಾ ಸಂಸ್ಥೆಯು ಮಿನಿ-ಐಟಿಎಕ್ಸ್ ಎಂಬ ಅಳತೆಯನ್ನು ಪ್ರಚಾರಕ್ಕೆ ತಂದಿತು. 17 ಸೆಂಟಿಮೀಟರು ಉದ್ದ, ಅಷ್ಟೇ ಅಗಲದ ಮದರ್‌ಬೋರ್ಡು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಅಳತೆ ಹುಟ್ಟಿದ್ದು ಹೆಚ್ಚು ಕಾಯದ, ಬೀಸಣಿಗೆಯೂ ಬೇಡದ ಬಡಪಾಯಿ ಪ್ರೊಸೆಸರುಗಳಿಗಾಗಿ. ಅಳತೆ ಉಳಿಯಿತು, ಅದರ ಮೇಲೆ ಬಂದು ಕುಳಿತವರು ಬದಲಾದರು. ಇಂದು ಅದೇ 17 ಸೆಂಟಿಮೀಟರಿನ ಚೌಕದ ಮೇಲೆ ಇನ್ನೂರು ವಾಟಿನ ಪ್ರೊಸೆಸರೂ ಅದರ ಪಕ್ಕದಲ್ಲಿ ಅದಕ್ಕೂ ಮೀರಿದ ಗ್ರಾಫಿಕ್ಸ್ ಕಾರ್ಡೂ ಕೂಡುತ್ತವೆ. ಸಾಮಾನ್ಯ ಗೋಪುರಾಕಾರದ ಪೆಟ್ಟಿಗೆಯ ಒಳಗಾತ್ರ ನಲವತ್ತು ಐವತ್ತು ಲೀಟರುಗಳಿದ್ದರೆ, 2013ರಲ್ಲಿ ಆಸಕ್ತರೇ ಹಣ ಕೂಡಿಸಿ ಮಾಡಿಸಿಕೊಂಡ ಎನ್‌ಕೇಸ್ ಎಂ1 ಎಂಬ ಪೆಟ್ಟಿಗೆಯ ಗಾತ್ರ 12.6 ಲೀಟರು, ಅದಕ್ಕಿಂತ ಈಚಿನ ಡ್ಯಾನ್ ಎ4 ಎಂಬುದರದು ಏಳು ಲೀಟರಿಗೆ ಸ್ವಲ್ಪ ಹೆಚ್ಚು. ಪೆಟ್ಟಿಗೆಯೆನ್ನುವುದಕ್ಕಿಂತ ಕರಂಡವೆನ್ನಬೇಕು. ಕನ್ನಡದ ಕರಡಿಗೆ ಎಂಬ ಮಾತೂ ಅಲ್ಲಿಂದ ಬಂದದ್ದೇ. ಬೆಲೆಬಾಳುವುದನ್ನು ಸಣ್ಣದರಲ್ಲಿಟ್ಟು ಕಾಪಾಡುವ ಆಸೆ ಮನುಷ್ಯನಿಗೆ ಹೊಸದೇನಲ್ಲ. ಇಕ್ಕಟ್ಟಾದ ಮನೆಗಳಲ್ಲಿ, ವಸತಿಗೃಹದ ಒಂದೇ ಮೇಜಿನಲ್ಲಿ ಓದುವ ಬರೆಯುವ ವಿದ್ಯಾರ್ಥಿಗೆ ಈ ಆಸೆ ಶೋಕಿಯೂ ಅಲ್ಲ, ಅವಶ್ಯಕತೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳುತ್ತಾರೆ. ಚಿಕ್ಕ ಪೆಟ್ಟಿಗೆಯನ್ನು ಕೊರೆಯಲು ಹೊರಟವನು ಹಾಸಿಗೆಯನ್ನೇ ಹಿಗ್ಗಿಸಬಹುದೆಂದು ನಂಬಿದವನು. ಅವನ ನಂಬಿಕೆ ಪೂರ್ತಿ ಸುಳ್ಳಲ್ಲ. ಯಾವುದರಿಂದ ಹಿಗ್ಗಿಸುತ್ತಾನೆಂಬುದರಲ್ಲಿ ಮಾತ್ರ ಎಡವುವುದುಂಟು.

ಗಣಕಕ್ಕೆ ನೀರನ್ನು ಹಾಯಿಸುವ ಪದ್ಧತಿ ಮನೆಯ ತರುಣರು ಕಂಡುಹಿಡಿದದ್ದಲ್ಲ. 1980ರಲ್ಲಿ ಐಬಿಎಂ ಸಂಸ್ಥೆ ಪ್ರಕಟಿಸಿದ 3081 ಎಂಬ ದೊಡ್ಡ ಗಣಕದಲ್ಲಿ ನೂರಾರು ಬಿಲ್ಲೆಗಳನ್ನು ಒಂದೊಂದು ಘಟಕದಲ್ಲಿ ಒತ್ತಾಗಿ ಜೋಡಿಸಿ, ಅವುಗಳ ಬೆನ್ನಿಗೆ ಲೋಹದ ಸಣ್ಣ ಕೊಂತಗಳನ್ನು ತಾಗಿಸಿ, ಆ ಕಾವನ್ನು ಹರಿಯುವ ನೀರಿಗೆ ಒಪ್ಪಿಸುತ್ತಿದ್ದರು. 1985ರ ಕ್ರೇ-2 ಯಂತ್ರದಲ್ಲಿ ಇನ್ನೂ ಮುಂದೆ ಹೋಗಿ, ವಿದ್ಯುತ್ತನ್ನು ಹಾಯಗೊಡದ ಫ್ಲೋರಿನ್‌ಯುಕ್ತ ದ್ರವದಲ್ಲಿ ಫಲಕಗಳನ್ನೇ ಮುಳುಗಿಸಿಬಿಟ್ಟರು. 1990ರ ದಶಕದ ಮಧ್ಯದಲ್ಲಿ ಕಡಿಮೆ ವಿದ್ಯುತ್ ಬೇಡುವ ಬಿಲ್ಲೆಗಳು ಬಂದಾಗ ದೊಡ್ಡ ಗಣಕಗಳಿಂದ ನೀರು ಹೊರಬಿತ್ತು. 2008ರಲ್ಲಿ ಐಬಿಎಂನವರೇ ಪವರ್ 575 ಎಂಬ ಯಂತ್ರದಲ್ಲಿ ಅದನ್ನು ಮತ್ತೆ ಕರೆತಂದರು. ಮನೆಗಳಿಗೆ ನೀರು ಬಂದ ಬಗೆ ಬೇರೆ. ಡೆನ್ಮಾರ್ಕಿನ ಆಲ್‌ಬೋರ್ ನಗರದ ಅಸೆಟೆಕ್ ಸಂಸ್ಥೆಯು ಪಂಪನ್ನೂ ಪ್ರೊಸೆಸರಿನ ಮೇಲೆ ಕೂಡುವ ತಾಮ್ರದ ತಟ್ಟೆಯನ್ನೂ ಒಂದೇ ಅಂಗವನ್ನಾಗಿ ಮಾಡಿ, ಕೊಳವೆ ರೇಡಿಯೇಟರುಗಳೊಡನೆ ತಯಾರಿಕೆಯ ಕಾಲದಲ್ಲೇ ನೀರು ತುಂಬಿ ಮುಚ್ಚಿದ ಜೋಡಣೆಯನ್ನು ರೂಢಿಗೆ ತಂದಿತು. 2009ರಲ್ಲಿ ಕೋರ್ಸೇರ್ ಸಂಸ್ಥೆ ತನ್ನ ಎಚ್50 ಎಂಬ ಹೆಸರಿನಲ್ಲಿ ಅದನ್ನು ಅಂಗಡಿಗಳಿಗೆ ಕಳಿಸಿದ ಮೇಲೆ, ತಿರುಪುಳಿ ಹಿಡಿಯಬಲ್ಲ ಯಾರಿಗಾದರೂ ನೀರು ಎಟುಕಿತು. ಇಲ್ಲೊಂದು ಹಳೆಯ ಉದಾಹರಣೆ ಎಚ್ಚರಿಕೆಗಾಗಿ ನೆನೆಯತಕ್ಕದ್ದು. ಆಪಲ್ ಸಂಸ್ಥೆಯು 2004ರ ಜೂನ್ ತಿಂಗಳಲ್ಲಿ ಹೊರತಂದ ಪವರ್ ಮ್ಯಾಕ್ ಜಿ5ರ ಅತಿವೇಗದ ಮಾದರಿಗೆ ಕಾರ್ಖಾನೆಯಲ್ಲೇ ದ್ರವದ ವ್ಯವಸ್ಥೆಯನ್ನು ಕೂಡಿಸಲಾಗಿತ್ತು. ವರ್ಷಗಳು ಕಳೆದಂತೆ ಅಂಥ ಹಲವು ಯಂತ್ರಗಳಲ್ಲಿ ದ್ರವ ಜಿನುಗಿ ಒಳಗನ್ನು ತಿಂದುಹಾಕಿತು. ಪರಿಣತರ ಕೈಯ ಕೆಲಸಕ್ಕೇ ಹಾಗಾದರೆ ಹವ್ಯಾಸಿಯ ಕೈಗೆ ಎಷ್ಟು ಜಾಗರೂಕತೆ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಲೆಕ್ಕಕ್ಕೆ ಬರೋಣವಾಗಲಿ. ಪ್ರೊಸೆಸರೊಂದು 200 ವಾಟಿನಷ್ಟು ಕಾವನ್ನು ಬಿಡುತ್ತಿದೆಯೆಂದು ಇಟ್ಟುಕೊಂಡರೆ, ಅದರ ಮೇಲಿನ ತಟ್ಟೆಯ ಮೂಲಕ ನಿಮಿಷಕ್ಕೆ ಒಂದೇ ಒಂದು ಲೀಟರು ನೀರು ಹಾದುಹೋದರೂ ಆ ನೀರಿನ ಉಷ್ಣತೆ ಸುಮಾರು ಮೂರು ಡಿಗ್ರಿ ಸೆಲ್ಸಿಯಸ್ ಮಾತ್ರ ಏರುತ್ತದೆ. ಇದು ನೀರಿನ ಮಹಿಮೆ. ಗಾತ್ರಕ್ಕೆ ಗಾತ್ರ ಹಿಡಿದರೆ ಗಾಳಿಗಿಂತ ಮೂರು ಸಾವಿರದ ಐನೂರು ಪಟ್ಟಿನ ಆಸುಪಾಸಿನಲ್ಲಿ ಕಾವನ್ನು ಅದು ಹೊರಬಲ್ಲದು. ಇದನ್ನು ಕೇಳಿದವನು ಅರ್ಧ ಶಾಸ್ತ್ರವನ್ನು ಕೇಳಿ ಎದ್ದುಹೋದಂತೆ ಆಗಬಾರದು. ನೀರು ಹೊತ್ತ ಆ 200 ವಾಟನ್ನು ರೇಡಿಯೇಟರಿನಲ್ಲಿ ಇಳಿಸಿಕೊಳ್ಳಬೇಕಾದದ್ದು ಗಾಳಿಯೇ. ಆ ಗಾಳಿ ಹತ್ತು ಡಿಗ್ರಿ ಮಾತ್ರ ಬಿಸಿಯೇರಿ ಹೊರಬೀಳಬೇಕಾದರೆ ನಿಮಿಷಕ್ಕೆ ಸುಮಾರು ಒಂದು ಸಾವಿರ ಲೀಟರು ಗಾಳಿ ಅದರ ಎಸಳುಗಳ ನಡುವೆ ನುಸುಳಬೇಕು. ಹತ್ತು ಲೀಟರಿನ ಪೆಟ್ಟಿಗೆಯಲ್ಲಿ ರೇಡಿಯೇಟರಿದ್ದರೆ, ಪೆಟ್ಟಿಗೆಯೊಳಗಣ ಗಾಳಿಯೆಲ್ಲ ನಿಮಿಷಕ್ಕೆ ನೂರು ಸಲ ಬದಲಾದಂತಾಯಿತು. ಒಳಗೆ ಬರಲು ದಾರಿ ಬೇಕು, ಹೊರಗೆ ಹೋಗಲು ದಾರಿ ಬೇಕು. ನೀರಿಗಾಗಿ ಪೆಟ್ಟಿಗೆಯನ್ನು ಕೊರೆಯುವೆನೆಂದು ಹೇಳಿಕೊಳ್ಳುವವನು ವಾಸ್ತವವಾಗಿ ಕೊರೆಯಬೇಕಾದದ್ದು ಗಾಳಿಗಾಗಿ. ಬಹುಪಾಲು ತಯಾರಕರು ಬೀಸಣಿಗೆಯ ಸ್ಥಳದಲ್ಲಿ ತಗಡಿಗೆ ಸಣ್ಣ ತೂತುಗಳನ್ನು ಒತ್ತಿ ಬಿಟ್ಟಿರುತ್ತಾರೆ. ಅಳೆದು ನೋಡಿದರೆ ಎಷ್ಟೋ ಪೆಟ್ಟಿಗೆಗಳಲ್ಲಿ ತೂತಿಗಿಂತ ತಗಡೇ ಹೆಚ್ಚು. ಆ ಜಾಲರಿಯನ್ನು ತೆಗೆದುಹಾಕಿ ಪೂರ್ಣವೃತ್ತದ ಬಾಯನ್ನು ತೆರೆದರೆ, ಎಷ್ಟೋ ವೇಳೆ ನೀರಿನ ಗೊಡವೆಯೇ ಬೇಡವಾಗುತ್ತದೆ. ಈ ಮಾತನ್ನು ಮಾರುವವರು ಹೇಳುವುದಿಲ್ಲ, ಏಕೆಂದರೆ ತೂತನ್ನು ಮಾರಲು ಬರುವುದಿಲ್ಲ.

ಮಣ್ಣಿನ ಹೂಜಿಯ ನೀರನ್ನು ಕುಡಿದು ಬೆಳೆದ ಜನಕ್ಕೆ ಇಲ್ಲಿ ಇನ್ನೊಂದು ಭ್ರಾಂತಿ ಸಹಜವಾಗಿ ಅಂಟಿಕೊಂಡಿದೆ. ಹೂಜಿಯಲ್ಲಿಟ್ಟ ನೀರು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ; ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆ ತಂಪಾಗುತ್ತದೆ. ಇವೆರಡರಲ್ಲೂ ನೀರು ಆವಿಯಾಗಿ ಹೋಗುವಾಗ ಕಾವನ್ನು ತನ್ನೊಡನೆ ಒಯ್ಯುತ್ತದೆ. ಗಣಕದ ಮುಚ್ಚಿದ ಕೊಳವೆಯಲ್ಲಿ ಆವಿಯಾಗುವುದಕ್ಕೆ ಎಡೆಯಿಲ್ಲ. ಅಲ್ಲಿನ ನೀರು ಎಂದಿಗೂ ಕೋಣೆಯ ಗಾಳಿಗಿಂತ ತಣ್ಣಗಾಗದು. ಯಂತ್ರ ಕೆಲಸಮಾಡುತ್ತಿರುವಾಗ ಅದಕ್ಕಿಂತ ಕೆಲವು ಡಿಗ್ರಿ ಬೆಚ್ಚಗೇ ಇರುತ್ತದೆ. ಕಲಬುರಗಿ ರಾಯಚೂರುಗಳ ಕಡೆ ವೈಶಾಖದ ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ದಾಟುವುದು ಅಪರೂಪವಲ್ಲ. ಅಂಥಲ್ಲಿ ಕೋಣೆಯ ಗಾಳಿಯೇ 38 ಡಿಗ್ರಿ ಇದ್ದರೆ ನೀರು ಐವತ್ತರ ಸಮೀಪಕ್ಕೆ ಏರುತ್ತದೆ. ಯೂರೋಪಿನ ಚಳಿದೇಶದಲ್ಲಿ 20 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ ಬರೆದ ಅಂಕಿಗಳನ್ನು ಓದಿ ಇಲ್ಲಿ ಅದೇ ಫಲವನ್ನು ನಿರೀಕ್ಷಿಸುವುದು ಸರಿಯಲ್ಲ. ಮಲೆನಾಡಿನ ಹುಡುಗನೂ ಬಯಲುಸೀಮೆಯ ಹುಡುಗನೂ ಒಂದೇ ಯಂತ್ರವನ್ನು ಕೊಂಡರೆ ಅವರಿಬ್ಬರ ಪೆಟ್ಟಿಗೆಯ ತೂತುಗಳೂ ಒಂದೇ ಆಗಿರಬೇಕಾಗಿಲ್ಲ.

ಇನ್ನೊಂದು ವಿಷಯ. ನೀರು ನಿಧಾನವಾಗಿ ಕಾಯುತ್ತದೆ. ಹೊಸ ಜೋಡಣೆಯನ್ನು ಹತ್ತು ನಿಮಿಷ ನಡೆಸಿ, ಉಷ್ಣಮಾಪಕದ ಅಂಕಿಯನ್ನು ನೋಡಿ ಹಿಗ್ಗುವವರುಂಟು. ಪೂರ್ಣ ಹೊರೆಯಲ್ಲಿ ಅರ್ಧ ಗಂಟೆಯಾದರೂ ನಡೆಯದೆ ನೀರು ತನ್ನ ನಿಜವಾದ ಮಟ್ಟವನ್ನು ತೋರುವುದಿಲ್ಲ.

ಪೆಟ್ಟಿಗೆ ಕೊರೆಯುವ ಕೆಲಸದಲ್ಲಿ ನಿಜವಾದ ಸೊಗಸಿರುವುದು ಅಳತೆಯಲ್ಲಿ. 240 ಮಿಲಿಮೀಟರಿನದೆಂದು ಮಾರುವ ರೇಡಿಯೇಟರು ವಾಸ್ತವವಾಗಿ 240 ಮಿಲಿಮೀಟರು ಇರುವುದಿಲ್ಲ. ಎರಡು ತುದಿಗಳ ತೊಟ್ಟಿಗಳೂ ಸೇರಿ 275ರ ಆಸುಪಾಸಿನಲ್ಲಿರುತ್ತದೆ. ದಪ್ಪ ಸಾಮಾನ್ಯವಾಗಿ 27, ಬೀಸಣಿಗೆಯ ದಪ್ಪ 25, ಒಟ್ಟು 52. ಅಗಲ 120. ಗುಣಿಸಿದರೆ ಒಂದು ಲೀಟರು ಏಳುನೂರು ಮಿಲಿಲೀಟರು. ಹತ್ತು ಲೀಟರಿನ ಪೆಟ್ಟಿಗೆಯಲ್ಲಿ ಹೆಚ್ಚುಕಡಿಮೆ ಆರರಲ್ಲೊಂದು ಪಾಲನ್ನು ತಂಪು ಮಾಡುವ ಸಾಮಗ್ರಿಯೇ ನುಂಗಿತು. ಕೊಳವೆಗಳು ಬಾಗುವುದಕ್ಕೆ ಬೇಕಾದ ಎಡೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆದ್ದರಿಂದ ಬುದ್ಧಿವಂತನಾದವನು ಹಣ ಕೊಡುವ ಮೊದಲು ರಟ್ಟಿನಲ್ಲಿ ಇದೇ ಅಳತೆಯ ಒಂದು ತುಂಡನ್ನು ಮಾಡಿ, ಪೆಟ್ಟಿಗೆಯೊಳಗಿಟ್ಟು, ಮುಚ್ಚಳ ಕೂಡುವುದೇ ಎಂದು ನೋಡುತ್ತಾನೆ. ಶಾಲೆಯ ಕಂಪಾಸು ಪೆಟ್ಟಿಗೆಯೂ ಹಳೆಯ ನೋಟುಬುಕ್ಕಿನ ರಟ್ಟೂ ಇದ್ದರೆ ಸಾಕು. ಕೂಡದಿದ್ದರೆ ಹೋದದ್ದು ರಟ್ಟು ಮಾತ್ರ.

ಮೊದಲು ಪೆಟ್ಟಿಗೆಯನ್ನು ಬರಿದು ಮಾಡಬೇಕು. ಒಳಗಿನ ಫಲಕಗಳನ್ನು ತೆಗೆಯದೆಯೇ ಕೊರೆಯಲು ಹೊರಟವನ ಸಾಹಸವನ್ನು ಹೊಗಳುವಂತಿಲ್ಲ. ಉಕ್ಕಿನ ಪುಡಿ ಒಂದು ಚಿಟಿಕೆ ಮದರ್‌ಬೋರ್ಡಿನ ಮೇಲೆ ಬಿದ್ದರೂ ಎರಡು ತಂತಿಗಳನ್ನು ಬೆಸೆದು ಸುಡಬಲ್ಲದು. ಅಂತೆಯೇ ವಿದ್ಯುತ್ ಪೂರೈಸುವ ಘಟಕವನ್ನು ಹೊರತೆಗೆದಿಡಬೇಕೇ ಹೊರತು ಅದನ್ನು ಬಿಚ್ಚಕೂಡದು. ಅದರೊಳಗಿನ ಕೆಪಾಸಿಟರುಗಳಲ್ಲಿ ತಂತಿ ಕಿತ್ತ ಮೇಲೂ ಪ್ರಾಣಾಪಾಯ ಮಾಡುವಷ್ಟು ವಿದ್ಯುತ್ತು ಉಳಿದಿರಬಹುದು. ಬರಿದಾದ ತಗಡಿನ ಮೇಲೆ ಕಾಗದದ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಗೆರೆ ಎಳೆಯಬೇಕು. 120 ಮಿಲಿಮೀಟರಿನ ಬೀಸಣಿಗೆಯ ನಾಲ್ಕು ತಿರುಪುಗಳ ನಡುವಣ ಅಂತರ ಒಂದೊಂದು ಬದಿಗೂ 105 ಮಿಲಿಮೀಟರು. ಈ ನಾಲ್ಕು ಬಿಂದುಗಳನ್ನು ಗುರುತಿಸಿ, ಕರ್ಣಗಳು ಕೂಡುವಲ್ಲಿ ಕೇಂದ್ರವನ್ನು ಹಿಡಿದರೆ ವೃತ್ತ ತಾನೇ ದೊರೆಯುತ್ತದೆ. ರೇಖಾಗಣಿತದ ಪಾಠ ಪರೀಕ್ಷೆಗೆ ಮಾತ್ರವೆಂದು ತಿಳಿದಿದ್ದ ಹುಡುಗ ಇಲ್ಲಿ ಕರ್ಣಗಳ ಉಪಕಾರವನ್ನು ಮೊದಲ ಸಲ ಅರಿಯುತ್ತಾನೆ. ಕೇಂದ್ರಕ್ಕೆ ಉಳಿಮೊನೆಯಿಂದ ಒಂದು ಗುಳಿ ಹೊಡೆದು, ಸಣ್ಣ ತೂತು ಮಾಡಿಕೊಂಡು, ಆಮೇಲೆ 114 ಮಿಲಿಮೀಟರಿನ ವೃತ್ತಗರಗಸವನ್ನು ಹೂಡಬೇಕು. ಅದು ಸಿಕ್ಕದಿದ್ದರೆ ವೃತ್ತದ ಒಳಗೆರೆಯ ಉದ್ದಕ್ಕೂ ತೂತುಗಳನ್ನು ಸಾಲಾಗಿ ಕೊರೆದು, ತಗಡುಕತ್ತರಿಯಿಂದ ಬಿಡಿಸಿ, ಅರದಿಂದ ತೀಡುವುದು ಹಳ್ಳಿಯ ಕಮ್ಮಾರರಿಗೂ ತಿಳಿದ ಕ್ರಮ. ಮಂದಗತಿಯಲ್ಲಿ, ಒತ್ತಡ ಹೇರದೆ, ಕಣ್ಣಿಗೆ ಕನ್ನಡಕ ಧರಿಸಿ ಕೊರೆಯಬೇಕು. ಕತ್ತರಿಸಿದ ಅಂಚು ಕ್ಷೌರದ ಕತ್ತಿಯಂತಿರುತ್ತದೆ. ಅದನ್ನು ಅರದಿಂದ ಮೊಂಡು ಮಾಡಿ, ರಬ್ಬರಿನ ಅಂಚುಪಟ್ಟಿ ತೊಡಿಸದೆ ನೀರಿನ ಕೊಳವೆಯನ್ನು ಅದರ ಬಳಿ ಸುಳಿಯಗೊಡಬಾರದು. ಬಣ್ಣ ಹೋದ ಕಡೆ ಬಣ್ಣ ಹಚ್ಚದಿದ್ದರೆ ಕರಾವಳಿಯಲ್ಲಿ ಒಂದು ಮಳೆಗಾಲ ಸಾಕು, ತುಕ್ಕು ತನ್ನ ಕೆಲಸವನ್ನು ಮಾಡಿ ಮುಗಿಸುತ್ತದೆ.

ಜೋಡಿಸುವಲ್ಲಿ ಎರಡು ದೋಷಗಳು ಮುಖ್ಯ. ಮೊದಲನೆಯದು ತಿರುಪು. 25 ಮಿಲಿಮೀಟರು ದಪ್ಪದ ಬೀಸಣಿಗೆಗೆಂದು 30 ಮಿಲಿಮೀಟರಿನ ತಿರುಪುಗಳನ್ನು ತಯಾರಕರು ಕೊಟ್ಟಿರುತ್ತಾರೆ. ಎಡೆ ಸಾಲದೆ 15 ಮಿಲಿಮೀಟರಿನ ತೆಳು ಬೀಸಣಿಗೆಯನ್ನು ತಂದು ಹಾಕಿದವನು ಅದೇ ತಿರುಪುಗಳನ್ನು ಉಪಯೋಗಿಸಿದರೆ, ಉಳಿದ ಹತ್ತು ಮಿಲಿಮೀಟರು ನೇರವಾಗಿ ರೇಡಿಯೇಟರಿನ ಒಡಲಿಗೆ ಇಳಿದು ನೀರಿನ ನಾಳವನ್ನು ಸೀಳುತ್ತದೆ. ಸಾವಿರಾರು ರೂಪಾಯಿಯ ಪದಾರ್ಥ ಒಂದು ರೂಪಾಯಿಯ ತಿರುಪಿನಿಂದ ಹಾಳಾಗುವುದೆಂದರೆ ಇದೇ. ಎರಡನೆಯದು ಎತ್ತರ. ಮುಚ್ಚಿದ ಜೋಡಣೆಯಲ್ಲಿಯೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಮತ್ತು ಅದು ಅತ್ಯಂತ ಎತ್ತರದ ಸ್ಥಳವನ್ನು ಹುಡುಕಿಕೊಂಡು ಹೋಗುತ್ತದೆ. ರೇಡಿಯೇಟರಿನ ತಲೆ ಪಂಪಿಗಿಂತ ಮೇಲಿದ್ದರೆ ಗಾಳಿ ಅಲ್ಲಿ ಹೋಗಿ ತೆಪ್ಪಗೆ ಕೂಡುತ್ತದೆ. ಜಾಗವಿಲ್ಲವೆಂದು ರೇಡಿಯೇಟರನ್ನು ಪೆಟ್ಟಿಗೆಯ ತಳದಲ್ಲಿ ಮಲಗಿಸಿ, ಪಂಪು ಅದಕ್ಕಿಂತ ಮೇಲಾಗುವಂತೆ ಇಟ್ಟರೆ, ಗಾಳಿ ಪಂಪಿನಲ್ಲೇ ಸೇರಿ ಗುಳುಗುಳು ಸದ್ದು ಮಾಡುತ್ತ ಅದರ ಆಯುಸ್ಸನ್ನು ಕಳೆಯುತ್ತದೆ. ಚಿಕ್ಕ ಪೆಟ್ಟಿಗೆಗಳಲ್ಲಿ ಈ ತಪ್ಪು ವಿಶೇಷವಾಗಿ ಸಂಭವಿಸುವುದು ಏಕೆಂದರೆ ಖಾಲಿ ಜಾಗ ಬಹುಶಃ ತಳದಲ್ಲೇ ಉಳಿದಿರುತ್ತದೆ.

ಕಾರ್ಖಾನೆಯ ಜೋಡಣೆಯನ್ನು ಬಿಟ್ಟು ತಾನೇ ಕೊಳವೆ ಕತ್ತರಿಸಿ ನೀರು ತುಂಬುವವನಿಗೆ ಇನ್ನೂ ಕೆಲವು ನಿಯಮಗಳುಂಟು. ತಾಮ್ರದ ತಟ್ಟೆಯೊಡನೆ ಅಲ್ಯೂಮಿನಿಯಮ್ಮಿನ ರೇಡಿಯೇಟರನ್ನು ಒಂದೇ ನೀರಿನಲ್ಲಿ ಕೂಡಿಸಿದರೆ ಎರಡು ಲೋಹಗಳ ನಡುವೆ ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ಸವೆಯುತ್ತದೆ. ಕೊಳವೆಬಾವಿಯ ಗಡಸು ನೀರನ್ನಂತೂ ಅದರ ಹತ್ತಿರವೂ ತರಬಾರದು. ಒಲೆಯ ಮೇಲಿನ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವ ನೀರು, ಕೂದಲೆಳೆಯಷ್ಟು ಸಪೂರಾದ ತಾಮ್ರದ ಕಾಲುವೆಗಳಲ್ಲಿ ಏನು ಮಾಡೀತೆಂಬುದು ಊಹ್ಯ. ಭಟ್ಟಿಯಿಳಿಸಿದ ನೀರಿಗೆ ತುಕ್ಕು ಪಾಚಿಗಳನ್ನು ತಡೆಯುವ ತಕ್ಕ ದ್ರವ್ಯವನ್ನು ಬೆರೆಸಿ ಉಪಯೋಗಿಸುವುದು ಕ್ರಮ. ಶುದ್ಧಜಲ ವಿದ್ಯುತ್ತನ್ನು ಅಷ್ಟಾಗಿ ಹಾಯಗೊಡುವುದಿಲ್ಲವೆಂಬುದು ನಿಜವಾದರೂ, ಲೋಹದ ಸಂಗದಲ್ಲಿ ಕೆಲವು ದಿನ ಹರಿದ ಮೇಲೆ ಅದು ಶುದ್ಧಜಲವಾಗಿ ಉಳಿದಿರುವುದಿಲ್ಲ. ಸೋರಿಕೆಯ ಪರೀಕ್ಷೆಗೆ ಪಂಪೊಂದಕ್ಕೇ ವಿದ್ಯುತ್ ಕೊಟ್ಟು, ಮಿಕ್ಕ ಯಾವುದಕ್ಕೂ ಕೊಡದೆ, ಪ್ರತಿಯೊಂದು ಕೀಲಿನ ಕೆಳಗೂ ಬಿಳಿಯ ಕಾಗದ ಹಾಸಿ ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಬೇಕು. ಬಣ್ಣಬಣ್ಣದ ನೀರನ್ನು ತುಂಬಿ ದೀಪ ಬೆಳಗಿಸಿ ಪ್ರದರ್ಶನ ಮಾಡುವ ಪದ್ಧತಿಯೂ ಈಗ ಬಂದಿದೆ. ಹಾಲಿನಂತೆ ಮಂದವಾದ ಬಣ್ಣದ ದ್ರವಗಳು ಕಾಲಕ್ರಮದಲ್ಲಿ ಗಷ್ಟುಗಟ್ಟಿ ಆ ಸಪೂರಾದ ಕಾಲುವೆಗಳನ್ನು ಮುಚ್ಚುತ್ತವೆ. ನೋಡುವವರ ಕಣ್ಣು ತಣಿದೀತು, ಪ್ರೊಸೆಸರು ತಣಿಯದು.

ಇಷ್ಟೆಲ್ಲ ಏಕೆ, ಯಂತ್ರದ ಉರಿಯನ್ನೇ ತಗ್ಗಿಸಬಾರದೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ಬಲವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಪ್ರೊಸೆಸರು ಬಿಡುವ ಕಾವು ಅದರ ವೇಗದೊಡನೆ ಮಾತ್ರವಲ್ಲದೆ ವೋಲ್ಟೇಜಿನ ವರ್ಗದೊಡನೆಯೂ ಏರುತ್ತದೆ; ವೇಗದ ಕಡೆಯ ಕೆಲವು ಅಂಶಗಳನ್ನು ಗಳಿಸಲು ವೋಲ್ಟೇಜನ್ನು ಎತ್ತಬೇಕಾಗಿ, ಅತ್ಯಲ್ಪ ಲಾಭಕ್ಕೆ ಅತ್ಯಧಿಕ ಕಾವಿನ ಬೆಲೆ ತೆರಬೇಕಾಗುತ್ತದೆ. ಎಎಂಡಿ ಸಂಸ್ಥೆಯು 2022ರಲ್ಲಿ ತಂದ 170 ವಾಟಿನ ಪ್ರೊಸೆಸರುಗಳಿಗೆ 105 ವಾಟು, 65 ವಾಟು ಎಂಬ ಮಿತವ್ಯಯದ ಕ್ರಮಗಳನ್ನು ತಾನೇ ಒದಗಿಸಿತ್ತು. ಮಿತಿಯನ್ನು ಇಳಿಸಿದರೆ ಸಾಮಾನ್ಯ ಕೆಲಸಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಕಷ್ಟ. ಪತ್ರ ಬರೆಯಲು, ಪಾಠ ಕೇಳಲು, ಲೆಕ್ಕಪತ್ರ ಇಡಲು ಗಣಕವನ್ನು ಬಳಸುವವನು ನೀರನ್ನು ಹಾಯಿಸಲು ಹೊರಟರೆ ಅದು ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಂಡ ಹಾಗೆ. ಹಾಗಾದರೆ ಯಾರು ಕೊರೆಯಬೇಕು? ಚಲನಚಿತ್ರದ ಸಂಕಲನ, ಶಿಲ್ಪದ ನಕ್ಷೆ, ವೈಜ್ಞಾನಿಕ ಗಣನೆ ಮುಂತಾದುವಕ್ಕಾಗಿ ಗಂಟೆಗಟ್ಟಲೆ ಯಂತ್ರವನ್ನು ಪೂರ್ಣ ಹೊರೆಯಲ್ಲಿ ನಡೆಸುವವನೂ, ಮೇಜಿನ ಮೇಲೆ ದೊಡ್ಡ ಪೆಟ್ಟಿಗೆಗೆ ಸ್ಥಳವಿಲ್ಲದವನೂ ಆದವನಿಗೆ ಆ ಹಕ್ಕಿದೆ. ಜೊತೆಗೆ ಸದ್ದನ್ನು ಸಹಿಸಲಾರದವನಿಗೂ ಇದೆ. ಚಿಕ್ಕ ಬೀಸಣಿಗೆ ಅತಿವೇಗದಿಂದ ತಿರುಗಿ ಅರಚುವುದಕ್ಕಿಂತ, ವಿಶಾಲವಾದ ರೇಡಿಯೇಟರಿನ ಮೇಲೆ ದೊಡ್ಡ ಬೀಸಣಿಗೆ ಮೆಲ್ಲನೆ ತಿರುಗುವುದು ಓದುವ ಕೋಣೆಗೆ ಹಿತ. ಸದ್ದಿನ ವಿಷಯದಲ್ಲಿ ಹಟ ಹಿಡಿದರೆ ಏನಾಗುವುದೆಂಬುದಕ್ಕೂ ನಿದರ್ಶನವಿದೆ. 2000ದಲ್ಲಿ ಆಪಲ್ ಸಂಸ್ಥೆ ಎಂಟಂಗುಲದ ಘನಾಕೃತಿಯ ಜಿ4 ಕ್ಯೂಬ್ ಎಂಬ ಗಣಕವನ್ನು ಬೀಸಣಿಗೆಯೇ ಇಲ್ಲದಂತೆ ನಿರ್ಮಿಸಿತು. ಹೊಗೆಗೂಡಿನಲ್ಲಿ ಹೊಗೆ ಏರುವಂತೆ ತಳದಿಂದ ನೆತ್ತಿಗೆ ಗಾಳಿ ತಾನಾಗಿ ಏರುತ್ತಿತ್ತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ಸಂಗ್ರಹಿಸಿಟ್ಟಿತು. ಬೆಲೆಯೂ ಹೆಚ್ಚಾಗಿ ಕೊಳ್ಳುವವರಿಲ್ಲದೆ 2001ರ ಜುಲೈ ತಿಂಗಳಲ್ಲಿ ತಯಾರಿಕೆ ನಿಂತಿತು. ಅದನ್ನು ಪ್ರೀತಿಸಿ ಉಳಿಸಿಕೊಂಡವರು ಮುಂದೆ ವೇಗದ ಪ್ರೊಸೆಸರುಗಳನ್ನು ಹಾಕಿದಾಗ ಮೊದಲು ಮಾಡಿದ ಕೆಲಸ, ತಳದಲ್ಲಿ ಒಂದು ಬೀಸಣಿಗೆಯನ್ನು ಕೂಡಿಸಿದ್ದು.

ವಿದ್ಯಾಸಂಸ್ಥೆಗಳ ಗಮನಕ್ಕೆ ಒಂದು ಮಾತನ್ನು ಇಲ್ಲಿ ತರುವುದು ಅಪ್ರಸ್ತುತವಾಗದು. ಶಾಲೆಗಳಲ್ಲಿ ಗಣಕದ ಕೋಣೆಗಳೇನೋ ಬಂದಿವೆ. ಆದರೆ ಯಂತ್ರಗಳ ಮೇಲೆ ಹೊದಿಕೆ, ಬಾಗಿಲಿಗೆ ಬೀಗ. ವಿದ್ಯಾರ್ಥಿ ಕೀಲಿಮಣೆಯನ್ನು ಮುಟ್ಟಬಹುದು, ಪೆಟ್ಟಿಗೆಯನ್ನು ಮುಟ್ಟುವಂತಿಲ್ಲ. ಹಿಂದೆ ಕೈಕೆಲಸದ ತರಗತಿಯಲ್ಲಿ ಮರ ತಗಡುಗಳನ್ನು ಕೊರೆದು ತೀಡಿದವರಿಗೆ ಬರುತ್ತಿದ್ದ ಅಳತೆಯ ಜ್ಞಾನ ಈಗಿನ ಎಷ್ಟೋ ಶಾಲೆಗಳಲ್ಲಿ ಲಭಿಸುವುದೇ ಇಲ್ಲ. ಕೆಟ್ಟು ಮೂಲೆ ಸೇರಿದ ಒಂದು ಗಣಕವನ್ನು ವಿದ್ಯುತ್ ಘಟಕ ತೆಗೆದು ಹುಡುಗರ ಕೈಗೆ ಕೊಟ್ಟರೆ ಸಂಸ್ಥೆಗೆ ಆಗುವ ನಷ್ಟ ಶೂನ್ಯ. ಅದರ ತಗಡಿನಲ್ಲಿ ಅವರು ವೃತ್ತ ಕೊರೆಯಲಿ, ರಟ್ಟಿನ ರೇಡಿಯೇಟರನ್ನು ಕೂಡಿಸಿ ನೋಡಲಿ, ಊದುಬತ್ತಿಯ ಹೊಗೆಯನ್ನು ತೋರಿಸಿ ಗಾಳಿ ಯಾವ ದಾರಿಯಲ್ಲಿ ನುಗ್ಗುತ್ತದೆಂಬುದನ್ನು ಕಣ್ಣಾರೆ ಕಾಣಲಿ. ಹಳ್ಳಿಯ ಡೀಸೆಲ್ ಪಂಪುಸೆಟ್ಟಿನಲ್ಲಿ ಬಾವಿಯ ನೀರೇ ಎಂಜಿನ್ನಿನ ಕವಚದೊಳಗೆ ಹಾದು ಕಾವನ್ನು ಹೊತ್ತು ಹೊರಬೀಳುವುದನ್ನೂ, ಬುಲೆಟ್ ಮೋಟಾರು ಸೈಕಲ್ಲಿನ ಎಂಜಿನ್ನಿಗೆ ಸುತ್ತ ಏಣುಗಳಿರುವುದನ್ನೂ ದಿನವೂ ನೋಡುವ ಹುಡುಗರಿವರು. ಉಷ್ಣದ ಪಾಠ ಅವರಿಗೆ ಪುಸ್ತಕದಿಂದ ಆರಂಭವಾಗಬೇಕಾದ ಕಾರಣವಿಲ್ಲ. ತಾವೇ ದುಡಿದ ಅಥವಾ ತಂದೆ ತಾಯಿಗಳು ಕೂಡಿಟ್ಟ ಹಣದಿಂದ ಮುಂದೊಂದು ದಿನ ಯಂತ್ರ ಕೊಳ್ಳುವಾಗ, ಅಂಗಡಿಯವನು ತೋರಿದ ಬಣ್ಣದ ದೀಪಗಳನ್ನು ನೋಡುವ ಬದಲು ತಗಡಿನ ತೂತುಗಳನ್ನು ಎಣಿಸುವ ಬುದ್ಧಿ ಅವರಿಗೆ ಬಂದೀತು.

ಕೊರೆದ ಪೆಟ್ಟಿಗೆಗೆ ತಯಾರಕರ ಖಾತರಿ ಇರುವುದಿಲ್ಲವೆಂಬ ಆಕ್ಷೇಪಣೆಯೂ ಇದೆ. ತಗಡಿನ ಪೆಟ್ಟಿಗೆಯ ಖಾತರಿ ಹೋದರೆ ಹೋಗುವುದು ಸ್ವಲ್ಪವೇ. ಒಳಗಿನ ಬೆಲೆಯುಳ್ಳ ಫಲಕಗಳನ್ನು ಯಾರೂ ಕೊರೆಯುವುದಿಲ್ಲ. ಮುಚ್ಚಿದ ನೀರಿನ ಜೋಡಣೆಗಳಿಗೆ ಈಗ ಐದಾರು ವರ್ಷಗಳ ಖಾತರಿ ಕೊಡುವುದುಂಟು. ಅಷ್ಟರಲ್ಲಿ ಕೊಳವೆಯ ಗೋಡೆಯ ಮೂಲಕ ನೀರು ಅತಿ ನಿಧಾನವಾಗಿ ಹಿಂಗಿ ಕಡಿಮೆಯಾಗಿರುತ್ತದೆ, ಪಂಪೂ ಸವೆದಿರುತ್ತದೆ, ಜೋಡಣೆಯನ್ನೇ ಬದಲಿಸಬೇಕಾದ ಕಾಲ ಬರುತ್ತದೆ. ಪೆಟ್ಟಿಗೆಯಲ್ಲಿ ಅಂದು ಕೊರೆದ ವೃತ್ತ ಮಾತ್ರ ಹಾಗೆಯೇ ಇರುತ್ತದೆ. ನೀರನ್ನು ತೆಗೆದು ಅಲ್ಲಿ ಬರಿಯ ಬೀಸಣಿಗೆಯೊಂದನ್ನು ಕೂಡಿಸಿ, ಪ್ರೊಸೆಸರಿನ ಮಿತಿಯನ್ನು ನೂರು ವಾಟಿಗೆ ಇಳಿಸಿಕೊಂಡವನು ಅದೇ ಹಳೆಯ ಪೆಟ್ಟಿಗೆಯಲ್ಲಿ ಇನ್ನೊಂದೈದು ವರ್ಷ ಕೆಲಸ ನಡೆಸಬಹುದು.